ವೀರಗಲ್ಲು ಅಳೆಯಲು ಹೋದ ರಜೆ

ರಜೆ ಸಿಕ್ಕಿದರೆ ಅಡುಗೆಭಟ್ಟರು ಒಲೆಯ ಮುಖ ನೋಡುವುದಿಲ್ಲ, ಬಸ್ಸಿನ ಡ್ರೈವರು ಕಿಟಕಿ ಪಕ್ಕ ಕೂತು ನಿದ್ದೆ ಹೊಡೆಯುತ್ತಾನೆ. ಚರಿತ್ರೆಯ ಮೇಷ್ಟ್ರು ಮಾತ್ರ ರಜೆಯಲ್ಲೂ ಚರಿತ್ರೆಯ ಬೆನ್ನು ಹತ್ತಿ ಹೋಗುತ್ತಾನೆ. ಕುಡುಕನಿಗಾದರೂ ಅಂಗಡಿ ಮುಚ್ಚುವ ಹೊತ್ತು ಅಂತ ಒಂದಿರುತ್ತದೆ. ಹಳೇ ಕಲ್ಲು ನೋಡುವ ಚಟಕ್ಕೆ ಅದೂ ಇಲ್ಲ. ಕಡೂರಿನ ನಮ್ಮ ಮನೆಯಲ್ಲಿ ಈ ಚಟಕ್ಕೆ ಬಲಿಯಾದವಳು ನನ್ನ ಹೆಂಡತಿ ಸರೋಜ. ಮದುವೆಯಾದ ಹೊಸತರಲ್ಲಿ ಬೇಲೂರಿನ ಒಂದು ಕಂಬದ ಪಕ್ಕ ಅವಳನ್ನು ನಿಲ್ಲಿಸಿಕೊಂಡು ನಾನು ಎಷ್ಟು ಹೊತ್ತು ವಿವರಿಸಿದೆನೆಂದರೆ, ಯಾರೋ ಪ್ರವಾಸಿಗರು ಅವಳನ್ನೂ ಶಿಲಾಬಾಲಿಕೆಯೆಂದು ತಿಳಿದು ಫೋಟೋ ತೆಗೆದುಕೊಂಡು ಹೋದರಂತೆ. ಇದು ಅವಳೇ ಹೇಳುವ ಕಥೆ. ವರ್ಷ ಕಳೆದಂತೆ ಫೋಟೋ ತೆಗೆದವರು ಜಾಸ್ತಿಯಾಗುತ್ತಿದ್ದಾರೆ. ಅಂದಿನಿಂದ ನನ್ನ ಜೊತೆ ಯಾವ ಗುಡಿಗೂ, ಯಾವ ಮ್ಯೂಸಿಯಮ್ಮಿಗೂ ಅವಳು ಕಾಲಿಟ್ಟಿರಲಿಲ್ಲ.

ಅಂಥವಳು ಕಳೆದ ತಿಂಗಳು ತಾನಾಗಿಯೇ ಬಾಯಿಬಿಟ್ಟಳು. "ಅಮೃತಾಪುರದ ಗುಡಿ ನೋಡ್ಕೊಂಡು, ತರೀಕೆರೇಲಿ ಮಸಾಲೆ ದೋಸೆ ತಿಂದ್ಕೊಂಡು ಬರೋಣ. ಆದ್ರೆ ಇದೇ ಕೊನೇ ಸಲ ಕಣ್ರೀ. ದಾರೀಲಿ ಇನ್ನೊಂದು ಕಲ್ಲು ಅಂತ ನಿಲ್ಲಿಸಿದ್ರೋ, ಈ ಜನ್ಮದಲ್ಲಿ ನಿಮ್ಮ ಜೊತೆ ಹೊರಡೋಳಲ್ಲ." ನಾನು ದೇವರಾಣೆ ಇಟ್ಟೆ. ಇಟ್ಟ ಮೇಲೆ ಸ್ಕೂಟರನ್ನು ಚೌಳಹಿರಿಯೂರಿನ ಕಡೆ ತಿರುಗಿಸಿದೆ. ಹಿಂದಿನಿಂದ ಭುಜಕ್ಕೊಂದು ಗುದ್ದು ಬಿತ್ತು. "ತರೀಕೆರೆ ಆ ಕಡೆ ಅಲ್ವೇನ್ರೀ?" ಐದೇ ನಿಮಿಷ, ಅಲ್ಲೊಂದು ಹೊಲದಲ್ಲಿ ಯಾರೂ ಗಮನಿಸದ ವೀರಗಲ್ಲು ಇದೆಯಂತೆ, ಅಳತೆ ತಗೊಂಡು ಬಂದುಬಿಡುತ್ತೇನೆ ಎಂದೆ. ಅವಳು ಆಮೇಲೆ ಮಾತಾಡಲಿಲ್ಲ. ಗುದ್ದಿದ್ದೇ ಎಷ್ಟೋ ವಾಸಿಯಾಗಿತ್ತು.

ಕಲ್ಲು ಎರಡು ಹೊಲಗಳ ನಡುವಿನ ಬದುವಿನ ಮೇಲೆ, ಸೊಂಟದೆತ್ತರಕ್ಕೆ ನಿಂತಿತ್ತು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಯಾವನೋ ಪುಣ್ಯಾತ್ಮನ ನೆನಪಿನ ಕಲ್ಲು. ಸರೋಜ ಬೇವಿನ ಮರದ ನೆರಳಲ್ಲಿ ಕೂತಳು. ನಾನು ಟೋಪಿ ಹಾಕಿಕೊಂಡು, ಟೇಪು ಬಿಚ್ಚಿ ಅಳೆಯತೊಡಗಿದೆ. ಅಷ್ಟರಲ್ಲಿ ಎಡಗಡೆಯಿಂದೊಬ್ಬರು, ಬಲಗಡೆಯಿಂದೊಬ್ಬರು ಎಳನೀರು ಹಿಡಿದು ಓಡಿಬಂದರು. ಎಡಗಡೆಯವರು ಅಣ್ಣ ಓಂಕಾರಪ್ಪ, ಬಲಗಡೆಯವರು ತಮ್ಮ ಮಂಜಪ್ಪ. ಆ ಕಲ್ಲನ್ನೇ ಗಡಿ ಮಾಡಿಕೊಂಡು ಜಮೀನು ಹಿಸ್ಸೆಯಾದಂದಿನಿಂದ ಇಬ್ಬರಿಗೂ ಮಾತಿಲ್ಲ. "ಅಂತೂ ಬಂದ್ರಲ್ಲ ಸರ್ವೇಯರ್ ಸಾಹೇಬ್ರು!" ಎಂದರು ಅಣ್ಣ. ನಾನು ಸರ್ವೇಯರ್ ಅಲ್ಲ, ಚರಿತ್ರೆ ಮೇಷ್ಟ್ರು ಎಂದೆ. "ಹಂಗೇ ಹೇಳ್ಬೇಕು ಬಿಡಿ ಸ್ವಾಮಿ, ಇಲ್ದಿದ್ರೆ ಜನ ಸೇರ್ತಾರೆ" ಎಂದು ತಮ್ಮ ಕಣ್ಣು ಹೊಡೆದರು. ಜನ ಆಗಲೇ ಸೇರಿದ್ದರು.

ಜನ ಸೇರಿದರೆ ನನಗೆ ತರಗತಿಯೇ ನೆನಪಾಗುತ್ತದೆ. ನೋಡಿ, ಕೆಳಗಿನ ಸಾಲಿನಲ್ಲಿ ವೀರ ಹೋರಾಡುತ್ತಿದ್ದಾನೆ, ಕಳ್ಳರು ದನಗಳನ್ನು ಹೊಡೆದುಕೊಂಡು ಬಲಗಡೆಗೆ ಹೋಗುತ್ತಿದ್ದಾರೆ ಎಂದೆ.

"ಕೇಳಿಸ್ತಾ?" ಓಂಕಾರಪ್ಪ ಊರಿನವರ ಕಡೆ ತಿರುಗಿದರು. "ಕಳ್ರು ಯಾವ ಕಡೆಯೋರು ಅಂತ ಕಲ್ಲೇ ಹೇಳ್ತೈತೆ. ಹೇಳಿ ಸ್ವಾಮಿ ಅವ್ನಿಗೆ."

"ದನ ನನ್ನ ಹೊಲದ ಕಡೀಗೆ ಬರ್ತಾ ಅವೆ ಅಂದ್ರೆ ಕೊಟ್ಟಿಗೆ ಇಲ್ಲೇ ಇತ್ತು ಅಂತ ತಾನೇ ಅರ್ಥ? ಹೇಳಿ ಸ್ವಾಮಿ ಅವ್ನಿಗೂ" ಎಂದರು ಮಂಜಪ್ಪ.

ನಾನು ಎಂಟುನೂರು ವರ್ಷ ಹಿಂದಿನ ದನಗಳ ಪರವಾಗಿ ಇಬ್ಬರಿಗೂ ಕೈಮುಗಿದೆ. ಜಗಳ ತಣ್ಣಗಾಗಲಿ ಎಂದು, ಇಂಥ ಕಲ್ಲುಗಳನ್ನು ಹೊಲದ ಮಧ್ಯೆ ನೆಡುತ್ತಿರಲಿಲ್ಲ, ಈ ಕಲ್ಲು ಮೊದಲು ಇದ್ದದ್ದು ಈ ಜಾಗದಲ್ಲಲ್ಲ ಎಂದುಬಿಟ್ಟೆ. ಅಣ್ಣತಮ್ಮಂದಿರ ಮುಖ ಒಟ್ಟಿಗೇ ಬಿಳಿಚಿಕೊಂಡಿತು.

"ಕಂಡಂಗೆ ಹೇಳ್ಬಿಟ್ರಲ್ಲ! ಹೋದ ಸುಗ್ಗೀಲಿ ಹಾರೆ ಹಾಕಿ ನನ್ನ ಕಡೆ ಜರುಗ್ಸಿದ್ದು ಅವ್ನೇ!" ಎಂದರು ಅಣ್ಣ. "ಅವ್ನು ಜರುಗ್ಸಿದ್ದನ್ನ ನಾನು ವಾಪಸ್ ಜರುಗ್ಸಿದ್ದು!" ಎಂದರು ತಮ್ಮ. ಬದುಕಿದ್ದಾಗ ಆ ವೀರ ಒಂದೇ ಸಲ ಯುದ್ಧಕ್ಕೆ ಹೊರಟಿದ್ದಿರಬೇಕು. ಸತ್ತ ಮೇಲೆ ಪಾಪ, ಪ್ರತಿ ಸುಗ್ಗಿಗೂ ಹೊರಡುತ್ತಿದ್ದ. ಕೈ ಕೈ ಮಿಲಾಯಿಸುವ ಹಾಗಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಕಲ್ಲೇ ಇಲ್ಲದಿದ್ದರೆ ಜಗಳವೂ ಇರುವುದಿಲ್ಲ, ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ, ನಾನೇ ಸಾಗಿಸುವ ವ್ಯವಸ್ಥೆ ಮಾಡುತ್ತೇನೆ ಎಂದು ಕೂಗಿದೆ.

ಮಂಜಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ತಲೆಯ ಮೇಲಿಂದ ಆಚೆಗೆ, "ಅಣ್ಣಾ" ಎಂದರು. "ಇವ್ನು ಸರ್ವೇಯರ್ ಅಲ್ಲ ಕಣಣ್ಣ. ನಮ್ಮ ಕಲ್ಲು ಹೊಡ್ಕೊಂಡು ಹೋಗಕ್ಕೆ ಬಂದವ್ನೆ."

ಓಂಕಾರಪ್ಪ ಬದು ದಾಟಿ ತಮ್ಮನ ಪಕ್ಕಕ್ಕೆ ಬಂದು ನಿಂತರು. "ನಂಗೂ ಮೊದ್ಲಿಂದ ಅನುಮಾನ ಇತ್ತು ಕಣೋ ಮಂಜ" ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, "ಹಾರೆ ತಗಂಬಾ" ಎಂದರು. ಹಾರೆ ಕಲ್ಲಿಗೋ ನನಗೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಗ ಸರೋಜ ಎದ್ದು ಬಂದಳು. "ಇವ್ರು ನಮ್ಮೆಜಮಾನ್ರು ಕಣ್ರಣ್ಣ, ಮೇಷ್ಟ್ರೇ ನಿಜ. ಕದಿಯೋ ಅಷ್ಟು ಚುರುಕೆಲ್ಲ ಇಲ್ಲ" ಎಂದಳು. ನನ್ನ ಮಾತನ್ನು ಅಷ್ಟು ಹೊತ್ತು ನಂಬದವರು ಅವಳ ಮಾತನ್ನು ತಕ್ಷಣ ನಂಬಿದರು. ಅವಳಿಗೆ ಎಳನೀರು ಕೊಚ್ಚಿಕೊಟ್ಟರು, ಅಣ್ಣತಮ್ಮಂದಿರು ಅದೇ ಬದುವಿನ ಮೇಲೆ ಒಟ್ಟಿಗೆ ಕೂತು ತಾವೂ ಕುಡಿದರು. ನನಗೆ ಮಾತ್ರ ಸ್ಕೂಟರ್ ಹತ್ತಿರ ನಿಂತಿರಲು ಹೇಳಿದರು. ಹೊರಗಿನ ಶತ್ರು ಬಂದಾಗ ನಮ್ಮ ರಾಜರು ಒಂದಾಗಲಿಲ್ಲ ಎಂದು ಮಕ್ಕಳಿಗೆ ಪ್ರತಿ ವರ್ಷ ಪಾಠ ಹೇಳುವವನು ನಾನು. ಕಡೆಗೂ ಒಂದಾದದ್ದನ್ನು ಕಣ್ಣಾರೆ ಕಂಡೆ. ಶತ್ರುವಿನ ಜಾಗದಲ್ಲಿ ನಿಂತು ಕಾಣಬೇಕಾಯಿತು, ಅಷ್ಟೇ.

ಹೊರಡುವಾಗ ಸಂಜೆಯಾಗಿತ್ತು. ಗುಡಿಯೂ ಇಲ್ಲ, ದೋಸೆಯೂ ಇಲ್ಲ. ಇನ್ನು ಈ ಜನ್ಮದಲ್ಲಿ ನನ್ನ ಜೊತೆ ಹೊರಡುವುದಿಲ್ಲ ತಾನೇ ಎಂದು ಅಂಜುತ್ತಲೇ ಕೇಳಿದೆ.

"ಯಾಕ್ರೀ? ಮುಂದಿನ ರಜೆಗೂ ಬರ್ತೀನಿ. ಚರಿತ್ರೆ ಇಷ್ಟು ಚೆನ್ನಾಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನನ್ನ ಎದೆ ಉಬ್ಬಿತು. ಸ್ಕೂಟರು ಊರು ದಾಟುವವರೆಗೂ ಉಬ್ಬಿಯೇ ಇತ್ತು. ಆಮೇಲೆ ಹಿಂದಿನಿಂದ ಅವಳೇ ಮುಂದುವರಿಸಿದಳು: "ಅದರಲ್ಲೂ ನೀವು ಸ್ಕೂಟರ್ ಹತ್ರ ಹೋಗಿ ಬಾಯಿ ಮುಚ್ಕೊಂಡು ನಿಂತ ಮೇಲಂತೂ, ಎಷ್ಟು ಚೆನ್ನಾಗಿತ್ತು ಕಣ್ರೀ!"