ಸಪೋಟ ಕ್ಯಾಂಡಿಯಲ್ಲಿ ಒಂದು ಕೊರತೆ

ಅತ್ತೆ "ಬಾಯೆಲ್ಲ ಸಪ್ಪೆ" ಎಂದರೆ ಅವರಿಗೆ ಸಿಹಿ ಬೇಕು ಎಂದೇ ಅರ್ಥವೆಂದು ಸೀನು ತಿಳಿದುಕೊಂಡಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆಯ ಭಾಷೆಯಲ್ಲಿ ಅವನ ಪಾಂಡಿತ್ಯ ಅಷ್ಟೇ!

ಅತ್ತೆ ಪುಟ್ಟಲಕ್ಷ್ಮಮ್ಮನವರು ಹಲ್ಲು ಕೀಳಿಸಿಕೊಂಡು ಜಯನಗರದ ಮಗಳ ಮನೆಗೆ ಬಂದಿದ್ದರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಬದಲಾವಣೆ ಇರಲೆಂದು ತೆಳ್ಳನೆಯ ಗಂಜಿ. ಈಚೆಗೆ ಅದನ್ನೂ ಪಕ್ಕಕ್ಕೆ ತಳ್ಳುತ್ತಿದ್ದರು. ಮೊದಲೇ ಸಣಕಲು ಜೀವ. ಈಗ ಸೀರೆಯೇ ಅವರನ್ನು ಉಟ್ಟುಕೊಂಡಂತೆ ಕಾಣುತ್ತಿತ್ತು. ಮಗಳು ಸತ್ಯಭಾಮಾಗೆ ದಿಗಿಲು.

"ನೀನು ಸುಮ್ನಿರು ಭಾಮಾ. ಇವತ್ತು ಅತ್ತೆ ಹೊಟ್ಟೆ ತುಂಬಾ ತಿಂತಾರೆ, ನನ್ನ ಕೈಯಿಂದ! ಹಣ್ಣಿನ ಐಸ್ ಕ್ಯಾಂಡಿ. ಸಕ್ಕರೆ ಇಲ್ಲ, ಬಣ್ಣ ಇಲ್ಲ, ಬರೀ ಆರೋಗ್ಯ!"

"ಹೋದ್ಸಲ ನೀವು ಆರೋಗ್ಯ ಮಾಡಿದಾಗ ಮಿಕ್ಸಿ ರಿಪೇರಿಗೆ ಹೋಯ್ತು ಕಣ್ರೀ."

"ಅದು ಮಿಕ್ಸಿಯ ಆರೋಗ್ಯದ ಸಮಸ್ಯೆ!"

ತರಕಾರಿಗೆ ಹೊರಟ ಸತ್ಯಭಾಮಾ ಗೇಟಿನಿಂದಲೇ ಕೂಗಿದಳು: "ಸಿಹಿ ಸಾಲ್ದಿದ್ರೆ ಖರ್ಜೂರ ಅರೆದಿಟ್ಟಿದ್ದೀನಿ, ಫ್ರಿಜ್ಜಲ್ಲಿ, ಸ್ಟೀಲ್ ಡಬ್ಬ!"

ಸೀನು ಫ್ರಿಜ್ಜು ತೆರೆದ. ಕೈಗೆ ಸಿಕ್ಕ ಸ್ಟೀಲ್ ಡಬ್ಬದ ಮುಚ್ಚಳ ತೆಗೆದ. ಕಪ್ಪಗೆ, ಮಂದಗೆ, ಮಿರಮಿರ ಮಿನುಗುವ ಖರ್ಜೂರ! ಅಷ್ಟನ್ನೂ ಸಪೋಟದ ಜೊತೆ ಮಿಕ್ಸಿಗೆ ಸುರಿದು ತಿರುವಿದ. ವಾಸನೆ ಹಿಡಿಯೋಣವೆಂದರೆ ನೆಗಡಿ, ಮೂಗು ರಜೆಯಲ್ಲಿತ್ತು. ರುಚಿ ನೋಡೋಣವೆಂದರೆ, ಛೆ ಛೆ! ನೈವೇದ್ಯಕ್ಕೆ ಮುಂಚೆ ಎಂಜಲು ಮಾಡಬಾರದೆಂದು ಅವನ ತಾಯಿ ಕಲಿಸಿದ್ದರು. ಅತ್ತೆಯೇನು ದೇವರಿಗಿಂತ ಕಡಿಮೆಯೇ? ಪುಟ್ಟ ಲೋಟಗಳಿಗೆ ತುಂಬಿ, ಕಡ್ಡಿಯ ಬದಲು ಚಮಚ ನೆಟ್ಟು ಫ್ರೀಜರಿಗೆ ಬಿಜಯಂಗೈಸಿದ.

ಸಂಜೆ ಅತ್ತೆ ಮೊದಲ ಚಮಚ ಬಾಯಿಗಿಟ್ಟರು. ಕಣ್ಣರಳಿತು. ಆಮೇಲೆ ಅದೇ ಕಣ್ಣಲ್ಲಿ ನೀರು! "ಆನಂದಬಾಷ್ಪ!" ಎಂದುಕೊಂಡ ಸೀನು ತನ್ನ ಕಣ್ಣನ್ನೂ ಒರೆಸಿಕೊಂಡ. ಅತ್ತೆ ಲೋಟದ ತಳ ಕೆರೆಯತೊಡಗಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಚೀತ್ಕಾರ.

"ರೀ! ಪುಳಿಯೋಗರೆ ಗೊಜ್ಜು ಎಲ್ರೀ?"

"ಯಾವ ಗೊಜ್ಜು? ನಾನು ಹಾಕಿದ್ದು ಖರ್ಜೂರ."

"ಖರ್ಜೂರದ ಡಬ್ಬ ಮುಟ್ಟೇ ಇಲ್ವಲ್ರೀ ನೀವು!"

ಸೀನು ಅಡುಗೆಮನೆಗೆ ಹೋಗಿ, ಇನ್ನೂ ತೊಳೆಯದ ಮಿಕ್ಸಿ ಜಾರಿಗೆ ಬೆರಳದ್ದಿ ನೆಕ್ಕಿದ. ಹುಣಸೆಹುಳಿ, ಮೆಣಸಿನಕಾಯಿ, ಇಂಗು, ಎಳ್ಳು! ಅವುಗಳ ಹಿಂದೆಲ್ಲೋ ಸಪೋಟ, ಬೇರೆಯವರ ಮದುವೆಗೆ ತಪ್ಪಿ ಬಂದವನಂತೆ ನಿಂತಿತ್ತು.

"ಒಸಡು ಇನ್ನೂ ಹಸಿ ಇದೆ, ಎಷ್ಟು ಉರೀತಿದ್ಯೋ ಅಮ್ಮಂಗೆ! ಮೊದಲೇ ಊಟ ಬಿಟ್ಟಿದ್ರು. ಇನ್ನು ನೀರೂ ಮುಟ್ಟಲ್ಲ, ನೋಡ್ತಿರಿ!"

ಸೀನು ಅಡುಗೆಮನೆಯಿಂದ ಓಡಿಬಂದ. ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕ್ಷಮೆ ಕೇಳಬೇಕಾದ ಬಾಯಿ, ಕೆಟ್ಟ ಅಭ್ಯಾಸ ನೋಡಿ, ಅಭಿಪ್ರಾಯ ಕೇಳಿತು:

"ಅತ್ತೆ... ಕ್ಯಾಂಡೀಲಿ ಏನಾದ್ರೂ ಕಮ್ಮಿ ಅನ್ನಿಸ್ತಾ?"

ಪುಟ್ಟಲಕ್ಷ್ಮಮ್ಮನವರು ಖಾಲಿ ಲೋಟ ಮುಂದೆ ಚಾಚಿದರು.

"ಅನ್ನ," ಎಂದರು.