ಮೆಲ್ಬರ್ನಿನಲ್ಲಿ ಮಿಡತೆಗೆ ನೀರು ಕೊಟ್ಟದ್ದು

ನಾನು ಸುಮ್ಮನೆ ಕೂತರೂ ಸುದ್ದಿ ನನ್ನನ್ನು ಹುಡುಕಿಕೊಂಡು ಬರುತ್ತದೆ. ಅದರಲ್ಲೂ ಎರಡು ಸಾವಿರದ ಐದಾರರ ಸುಮಾರಿಗೆ ಹುಬ್ಬಳ್ಳಿ ಬಿಟ್ಟು ಸಿಡ್ನಿಯ ವೆಸ್ಟ್‌ಮೀಡಿಗೆ, ಮಗ ಸೊಸೆಯ ಮನೆಗೆ ಬಂದ ಮೇಲಂತೂ ಕೇಳಲೇಬೇಡಿ. ಸೊಸೆ ಪ್ರಾಣಿಗಳ ಹೊಟ್ಟೆ, ತಲೆ ಹೊಕ್ಕು ಬದುಕುವ ಹುಳಗಳ ವಿಜ್ಞಾನಿ. ಅಂಥ ಸೊಸೆ ಇಡೀ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬರಿಗಿಲ್ಲ.

ಬೆಕ್ಕಿಗೆ ಹೆದರದ ಇಲಿ

ಪ್ಯಾರಮಟ್ಟಾದ ಪಾರ್ಕಿನಲ್ಲಿ ಉಡುಪಿಯ ಗೆಳೆಯರೊಬ್ಬರು ದಿನಾ ಸಿಗುತ್ತಿದ್ದರು. ಅವರಿಗೆ ಹೇಳಿದೆ: "ಒಂದು ಕ್ರಿಮಿ ಐತ್ರಿ. ಇಲಿ ತಲಿ ಹೊಕ್ಕರ ಇಲಿಗೆ ಬೆಕ್ಕಿನ ಹೆದರಿಕೀನ ಹೋಗತೈತಿ. ತಾನ ಹೋಗಿ ಬೆಕ್ಕಿನ ಬಾಯಿಗೆ ಬೀಳತೈತಿ. ನಮ್ಮೂರಾಗ ಒಂದು ಇಲಿ ಬೆಕ್ಕಿನ ಮೀಸಿ ಹಿಡಿದು ಜೋಕಾಲಿ ಆಡಿತ್ತು."

ಅವರು, "ಹಾಗಾದ್ರೆ ನಾನು ದಿನಾ ಬಂದು ನಿಮ್ಮ ಪಕ್ಕವೇ ಕೂರುವುದು ಯಾವ ಕ್ರಿಮಿಯಿಂದ ಮಾರಾಯ್ರೆ?" ಅಂದರು.

ಸಾಲಿ ಕಲಿಯದ ಹುಳ

ಸೊಸೆ ಮೆಲ್ಬರ್ನಿನಲ್ಲಿ ದೊಡ್ಡವರ ಮುಂದೆ ಮಾತಾಡಬೇಕಿತ್ತು. ಅವರು ಮೆಚ್ಚಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ತೋರಿಸಲು ಇದ್ದದ್ದು ಒಂದೇ ಮಿಡತೆ. ಅದರ ಹೊಟ್ಟೆಯಲ್ಲೊಂದು ಹುಳ. ಬಲಿತ ಮೇಲೆ ಹುಳಕ್ಕೆ ನೀರು ಬೇಕು, ಅದಕ್ಕೇ ಮಿಡತೆಯ ಬುದ್ಧಿ ಕೆಡಿಸಿ ನೀರಿಗೆ ಹಾರಿಸುತ್ತದಂತೆ.

"ಇಷ್ಟೆಲ್ಲಾ ಅದಕ್ಕ ಕಲಿಸಿದಾಂವ ಯಾವಾಂವ?" ಅಂದೆ.

"ಯಾರೂ ಕಲಿಸಿಲ್ಲ ಮಾವಾರ. ಹೆಂಗೋ ಮಿಡತಿನ್ನ ನೀರಿನ ಕಡೆ ತಿರುಗಿಸಿದ ಹುಳದ ಸಂತಾನ ಉಳೀತು, ಉಳಿದವು ಅಳಿದು ಹೋದ್ವು. ಲಕ್ಷಗಟ್ಟಲೆ ವರ್ಷ ಹಿಂಗ ನಡದು ಇಷ್ಟು ಪಳಗ್ಯಾವ."

ಸಾಲಿಗೆ ಹೋಗದೆ ಮುಂದೆ ಬಂದವನು ನಾನೊಬ್ಬನೇ ಅಂದುಕೊಂಡಿದ್ದೆ.

ಬೆಲ್ಲ, ನೀರು

ಸೊಸೆಯ ಜೊತೆ ನಾನೂ ಹೋಗಿದ್ದೆ. ಮೆಲ್ಬರ್ನಿನ ಸಭೆಯ ಹೊರಗೆ ಮಿಡತೆಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ದೂರದಿಂದ ಬಂದ ಜೀವ. ಬಂದವರಿಗೆ ಬೆಲ್ಲ, ನೀರು ಕೊಡದ ಮನೆತನ ನಮ್ಮದಲ್ಲ. ಚೂರು ಬೆಲ್ಲ ಒಳಗಿಟ್ಟು, ತಂಬಿಗೆ ನೀರು ಮುಂದಿಟ್ಟು, ಮುಚ್ಚಳ ತೆಗೆದೆ. ಬೆಲ್ಲದ ಕಡೆ ನೋಡಲೂ ಇಲ್ಲ, ಮಿಡತೆ ತಂಬಿಗೆಗೆ ಹಾರಿತು. ಹೊಟ್ಟೆಯಿಂದ ಮೊಳದುದ್ದ ಹುಳ ಹೊರಬಂತು. ಗೇಣುದ್ದ ಅಂತ ಸೊಸೆಯ ವಾದ.

ಒಳಗಿನಿಂದ ಬಂದ ಅವಳು ತಂಬಿಗೆಯಲ್ಲಿ ಇಣುಕಿದಳು. "ಮಾವಾರ, ಇನ್ನ ಒಳಗ ಏನ ತೋರಿಸ್ಲಿ?"

"ನನ್ನ ತೋರಿಸವ್ವಾ. ಕಣ್ಣಾರೆ ಕಂಡಾಂವ ನಾ ಅದೀನಿ."

ತಂಬಿಗೆ ಹಿಡಿದು ವೇದಿಕೆ ಹತ್ತಿದೆ. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ನನ್ನ ಹತ್ತು ಮಾತಿಗೆ ಅವಳದು ಎರಡೇ. ಆದರೂ ಸಭೆ ಬಿದ್ದು ಬಿದ್ದು ನಕ್ಕಿತು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳ ಕೆಲಸ ಉಳಿಯಿತು ಅಂತ ಅಧ್ಯಕ್ಷರು ಅಲ್ಲೇ ಕೈಕುಲುಕಿದರು. ನಕ್ಕು ನಕ್ಕು ಅವರ ಗಂಟಲು ಒಣಗಿತ್ತೋ ಏನೋ, ಮೇಜಿನ ಮೇಲಿದ್ದ ತಂಬಿಗೆಯನ್ನೇ ಎತ್ತಿ ಬಾಯಿಗೆ ಹಿಡಿದರು.

ಹಾರಿ ಹೋಗಿ ಅವರ ಕೈ ಹಿಡಿದೆ. "ತಡೀರಿ ಸಾಹೇಬ್ರ. ಅದರಾಗಿನಾಂವ ಈಗರ ಮನಿ ಖಾಲಿ ಮಾಡ್ಯಾನ. ಹೊಸಾ ಮನಿ ಹುಡುಕಾಕತ್ತಾನ."