ಪಿಕಪ್ಪಿಗೊಂದು ಕಿರೀಟ

ಇನ್ನು ಈ ಜನ್ಮದಲ್ಲಿ ಏಣಿ ಹಿಡಿಯುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ.

ವಿಷಯ ಏನೆಂದರೆ, ನನ್ನ ಹೆಂಡತಿ ಪೇಂಟಿಂಗ್ ಕಂಟ್ರಾಕ್ಟರು. ಅವಳಿಗೊಂದು ಹಳೇ ಪಿಕಪ್ ಗಾಡಿಯಿದೆ, ಗಾಡಿಗಿಂತ ಉದ್ದದ ಏಣಿಯಿದೆ, ಆ ಏಣಿ ಬೀಳದಂತೆ ಹಿಡಿದುಕೊಳ್ಳಲು ನಾನಿದ್ದೇನೆ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಬೆಳಿಗ್ಗೆ ಗಾಡಿಯ ಹಿಂಭಾಗದಲ್ಲಿ ಏಣಿ ತಬ್ಬಿಕೊಂಡು, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಪೇಟೆಯಿಡೀ ಮೆರವಣಿಗೆ ಹೋದವನು ಮಧ್ಯಾಹ್ನ ತ್ರಿಕೋನಮಿತಿ ಹೇಳಿದರೆ ಯಾವ ಮಕ್ಕಳು ಕೇಳುತ್ತವೆ? ಹಿಂದಿನ ಬೆಂಚಿನವರು ನನಗೆ 'ಏಣಿ ಮೇಷ್ಟ್ರು' ಎಂದು ನಾಮಕರಣ ಮಾಡಿ ಬಹಳ ಕಾಲವಾಗಿತ್ತು. ಸಾಲದ್ದಕ್ಕೆ, ಸೋಮವಾರದಿಂದ ಅವಳು ಬಣ್ಣ ಬಳಿಯಬೇಕಾಗಿದ್ದು ನಮ್ಮ ಶಾಲೆಯ ಕಟ್ಟಡಕ್ಕೇ. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದಿದ್ದು ಅದೇ ಮೊದಲು. ಬೆಲ್ ಹೊಡೆಯುವ ಮುಂಚೆ ಏಣಿ, ಬಣ್ಣ ಎಲ್ಲಾ ಗೇಟಿನೊಳಗಿರಬೇಕು, ಇಲ್ಲವಾದರೆ ಬೇರೆಯವರಿಗೆ ಹೇಳುತ್ತೇನೆ ಎಂದು ನಮ್ಮ ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

"ಗಾಡಿಗೆ ನಾನೇ ಒಂದು ರ‍್ಯಾಕ್ ಹಾಕ್ತೀನಿ," ಎಂದೆ. "ಏಣಿ ಅದರ ಮೇಲೆ ಮಲಗಿರುತ್ತೆ. ನಾನು ಮುಂದಿನ ಸೀಟಲ್ಲಿ ಮನುಷ್ಯನ ಹಾಗೆ ಕೂತಿರ್ತೀನಿ."

"ವೆಲ್ಡರ್‌ನ ಕರೆಸ್ತೀನಿ ಬಿಡಿ."

"ಮನೇಲಿ ಗಣಿತದ ಮೇಷ್ಟ್ರನ್ನ ಇಟ್ಕೊಂಡು ವೆಲ್ಡರ್ ಯಾಕೆ?"

"ಮೇಷ್ಟ್ರು ಇದ್ದಾರೆ ಅಂತಲೇ," ಎಂದಳು.

ಅವಳು ಹಾಗೇ, ಮುಲಾಜು ಇಲ್ಲದವಳು. ನನ್ನ ಹೊಟ್ಟೆ ಮುಂದಕ್ಕೆ ಬರುತ್ತಿದೆ ಎಂದು ಹೋದ ತಿಂಗಳು ಎರಡನೇ ಸಲದ ಅನ್ನಕ್ಕೇ ಕತ್ತರಿ ಹಾಕಿದ್ದಳು. ಒಂದು ಸೌಟು, ಮುಗೀತು. ಅವಳಿಲ್ಲದಾಗ ಈ ಕಾನೂನನ್ನು ಕಾಯಲು ಅತ್ತೆ ಇದ್ದರು, ಅಂದರೆ ಅವಳ ತಾಯಿ.

ಪೇಟೆಯಲ್ಲಿ ಅಗ್ಗದ ರ‍್ಯಾಕ್ ಒಂದು ಸಿಕ್ಕಿತು. ರಟ್ಟಿನ ಡಬ್ಬದೊಳಗೆ ಕಂಬಗಳು, ಅಡ್ಡಪಟ್ಟಿಗಳು, ಒಂದು ಪೊಟ್ಟಣ ನಟ್ಟು ಬೋಲ್ಟು. ಹೆಂಡತಿಗೆ ಅಚ್ಚರಿಯಾಗಲಿ ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ಕೆಲಸಕ್ಕೆ ನಿಂತೆ. ಗಾಡಿಯ ಉದ್ದ ಅಳೆದೆ, ಅಗಲ ಅಳೆದೆ, ಮೂಲೆಯಿಂದ ಮೂಲೆಗೆ ಕರ್ಣ ಅಳೆದು ಲಂಬಕೋನ ಸರಿಯಿದೆಯೇ ಎಂದು ತಾಳೆ ನೋಡಿದೆ. ಅಗ್ಗದ ಮಾಲಲ್ಲವೇ, ಬೋಲ್ಟುಗಳು ಲಟಪಟ ಎನ್ನುತ್ತಿದ್ದವು. ಹೆಂಡತಿಯ ಸಾಮಾನಿನಲ್ಲಿ ಗೋಡೆಯ ಬಿರುಕಿಗೆ ತುಂಬುವ ಅಂಟಿತ್ತು. ಡಬ್ಬದ ಮೇಲೆ 'ಕಲ್ಲಿನಂತೆ ಗಟ್ಟಿ' ಎಂದು ಬರೆದಿತ್ತು. ಒಂದೊಂದು ನಟ್ಟಿಗೂ ಧಾರಾಳವಾಗಿ ಮೆತ್ತಿದೆ. ಸಂಜೆ ರ‍್ಯಾಕ್ ಹಿಡಿದು ಜೋತುಬಿದ್ದು ನೋಡಿದೆ. ಗಾಡಿ ಅಲುಗಾಡಿತೇ ಹೊರತು ರ‍್ಯಾಕ್ ಅಲುಗಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನೋಡಿದಳು. "ಚೆನ್ನಾಗಿದೆ ಕಣ್ರೀ," ಎಂದಳು. ಮದುವೆಯಾದ ಮೇಲೆ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಎದೆಯುಬ್ಬಿಸಿಕೊಂಡು ಶೆಡ್ಡಿನ ಬಾಗಿಲು ತೆರೆದೆ, ಬರಲಿ ಬರಲಿ ಎಂದು ಕೈ ಬೀಸಿದೆ, ಅವಳು ಗಾಡಿಯನ್ನು ಹಿಂದಕ್ಕೆ ಬಿಟ್ಟಳು.

ಢಣ್!

ರ‍್ಯಾಕಿನ ಅಡ್ಡಪಟ್ಟಿ ಬಾಗಿಲ ಚೌಕಟ್ಟಿಗಿಂತ ಎರಡು ಬೆರಳು ಮೇಲಿತ್ತು. ಅಷ್ಟೆಲ್ಲಾ ಅಳೆದವನು ಎತ್ತರವನ್ನು ಅಳೆದಿರಲಿಲ್ಲ.

"ಬಿಚ್ಚಿ," ಎಂದಳು.

"ಬಿಚ್ಚೋಕಾಗಲ್ಲ."

"ಯಾಕೆ?"

ನಾನು ಅಂಟಿನ ಡಬ್ಬದ ಕಡೆ ನೋಡಿದೆ. ಅವಳೂ ನೋಡಿದಳು.

"ಪೂರ್ತಿ ಡಬ್ಬಾನಾ?"

"ತಳದಲ್ಲಿ ಸ್ವಲ್ಪ ಇದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯದೆ, ಸ್ಟಿಯರಿಂಗ್ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಳು. ಆ ಕೆಲಸಕ್ಕಾಗಿ ಅವಳು ಎಷ್ಟು ಓಡಾಡಿದ್ದಳೆಂದು ನನಗೆ ಗೊತ್ತು. ನನ್ನ ಮಾನ ಹಾಳಾಗಲಿ, ಅವಳ ಕೆಲಸ ಉಳಿದರೆ ಸಾಕು ಎನ್ನಿಸಿತು.

ಸದ್ದು ಕೇಳಿ ಅತ್ತೆ ಓಡಿಬಂದರು. ಪಕ್ಕದ ಅಂಗಡಿಯ ದರ್ಜಿಯೂ ಬಂದ, ಕೊರಳಲ್ಲಿ ಅಳತೆಯ ಟೇಪು ಸಮೇತ. ಆ ಟೇಪನ್ನು ನೋಡಿ ನನಗೆ ಮೈಯೆಲ್ಲಾ ಉರಿಯಿತು.

"ಟೈರಿನ ಗಾಳಿ ಬಿಡಿ, ತಗ್ಗುತ್ತೆ," ಎಂದ ದರ್ಜಿ.

"ಆಮೇಲೆ ತುಂಬೋರು ಯಾರು?" ಎಂದಳು ಹೆಂಡತಿ.

"ಅಳಿಯಂದಿರಿದ್ದಾರಲ್ಲ," ಎಂದರು ಅತ್ತೆ. "ಗಾಳಿಗೇನು ಬರ."

ಹೆಂಡತಿ ಥಟ್ಟನೆ ಕೆಳಗಿಳಿದಳು. "ಬಣ್ಣದ ಬಕೆಟ್ ಎಲ್ಲಾ ಗಾಡಿಗೆ ಹತ್ತಿಸಿ!" ತುಂಬಿದ ಬಕೆಟ್ಟುಗಳನ್ನು ಏದುಸಿರು ಬಿಡುತ್ತಾ ಹತ್ತಿಸಿದೆವು. ಗಾಡಿ ಒಂದು ಬೆರಳು ಕುಸಿಯಿತು. "ಅಮ್ಮಾ, ನೀನೂ ಹತ್ತು." ಅತ್ತೆ ಸ್ಟೂಲ್ ಹಾಕಿಸಿಕೊಂಡು ಹತ್ತಿ ಬಕೆಟ್ಟಿನ ಮೇಲೆ ಕೂತರು. ದರ್ಜಿಯನ್ನೂ ಹತ್ತಿಸಿದಳು. ಅವನು ಚೌಕಟ್ಟಿಗೆ ಟೇಪು ಹಿಡಿದು, "ಇನ್ನೂ ಒಂದು ಕಾಜದಷ್ಟು ಬೇಕು," ಎಂದು ವರದಿ ಒಪ್ಪಿಸಿದ.

ಎಲ್ಲರೂ ನನ್ನ ಕಡೆ ತಿರುಗಿದರು.

ಉಳಿದಿದ್ದು ಒಂದೇ ಜಾಗ. ಗಾಡಿಯ ತುತ್ತತುದಿ, ನಾನು ದಿನಾ ಏಣಿ ತಬ್ಬಿಕೊಂಡು ಕೂರುತ್ತಿದ್ದ ಮೂಲೆ. ಹೋಗಿ ಕೂತೆ. ಗಾಡಿ ನರಳಿ ತಗ್ಗಿತು, ಅಡ್ಡಪಟ್ಟಿ ಚೌಕಟ್ಟನ್ನು ಸವರಿಕೊಂಡು ಹೊರಬಂತು. ಅಂಗಳದಲ್ಲಿದ್ದ ಏಣಿಯನ್ನು ರ‍್ಯಾಕಿಗೆ ಕಟ್ಟುವಷ್ಟರಲ್ಲಿ ಹೊತ್ತಾಗಿತ್ತು. ಯಾರನ್ನೂ ಇಳಿಸದೆ ಹೆಂಡತಿ ಗಾಡಿ ಬಿಟ್ಟೇಬಿಟ್ಟಳು.

ಬೆಲ್ ಹೊಡೆಯುವ ಮುಂಚೆಯೇ ಗೇಟು ದಾಟಿದೆವು. ಮಕ್ಕಳೆಲ್ಲಾ ಅಲ್ಲೇ ನಿಂತಿದ್ದರು. ಮೇಲೆ ಏಣಿ ಮಹಾರಾಜನ ಹಾಗೆ ಮಲಗಿತ್ತು. ಕೆಳಗೆ ಬಕೆಟ್ಟುಗಳ ನಡುವೆ ಅತ್ತೆ, ದರ್ಜಿ ಮತ್ತು ಗಣಿತದ ಮೇಷ್ಟ್ರು.

"ಸಾರ್, ಇವತ್ತು ಏಣಿನೇ ನಿಮ್ಮನ್ನ ಕರ್ಕೊಂಡು ಬಂತಾ?" ಎಂದಿತು ಗುಂಪಿನಿಂದ ಒಂದು ದನಿ. ಹೆಡ್ ಮೇಡಂ ನಗು ತಡೆದುಕೊಂಡು, "ಸರಿ, ಶುರುಮಾಡಿ," ಎಂದರು. ಹೆಂಡತಿಯ ಮುಖ ಅರಳಿತು. ಆ ಮುಖ ನೋಡಿದ ಮೇಲೆ ಮಕ್ಕಳು ಏನಾದರೂ ಅನ್ನಲಿ ಎನ್ನಿಸಿತು.

ನಮ್ಮ ಬೀದಿ ಕಿರಿದು, ಗಾಡಿಯನ್ನು ಹೊರಗೆ ನಿಲ್ಲಿಸುವಂತಿಲ್ಲ. ಸಂಜೆ ಅದೇ ಬಳಗ ಮತ್ತೆ ಹತ್ತಿತು. ಆದರೆ ಅಷ್ಟರಲ್ಲೇ ಕೆಲವು ಬಕೆಟ್ಟು ಖಾಲಿಯಾಗಿದ್ದವು. ದರ್ಜಿಯ ಹೊಲಿಗೆ ಯಂತ್ರವನ್ನೂ ಹತ್ತಿಸಿದ ಮೇಲೆಯೇ ಗಾಡಿ ಶೆಡ್ಡಿಗೆ ಹೊಕ್ಕಿತು.

ಊಟಕ್ಕೆ ಕೂತೆ. ಕಾನೂನಿನ ಪ್ರಕಾರ ಒಂದು ಸೌಟು ಅನ್ನ ಮುಗಿಸಿ ಎದ್ದೆ.

"ಕೂತ್ಕೊಳ್ಳಿ," ಎಂದಳು ಹೆಂಡತಿ.

ಈಗ ಬೈಗುಳ ಶುರು ಎಂದುಕೊಂಡು ತಲೆ ತಗ್ಗಿಸಿದೆ. ತಟ್ಟೆಗೆ ಎರಡನೇ ಸೌಟು ಬಿತ್ತು. ಅದರ ಹಿಂದೆಯೇ ಮೂರನೆಯದು. ಅತ್ತೆ ತಡೆಯಲಿಲ್ಲ, ಪಾತ್ರೆಯನ್ನೇ ಹತ್ತಿರಕ್ಕೆ ತಳ್ಳಿದರು. ನನ್ನ ಕಣ್ಣು ತುಂಬಿಬಂತು.

"ಇಷ್ಟೆಲ್ಲಾ ಆದಮೇಲೂ ನನ್ನ ಮೇಲೆ ಇಷ್ಟು ಪ್ರೀತಿನಾ?"

"ಸುಮ್ನೆ ತಿನ್ರೀ," ಎಂದಳು. "ಬಣ್ಣ ದಿನಾ ಖಾಲಿಯಾಗ್ತಾ ಹೋಗುತ್ತೆ. ಆ ತೂಕ ನೀವೇ ತುಂಬಿಕೊಡ್ಬೇಕು."